ಒದೆಯುವ ಕಾರು

ಕಾರು ಮೊದಲ ಸಲ ಒದ್ದಾಗ ಮೇಷ್ಟ್ರ ತೊಡೆಯ ಮೇಲೆ ಬಿಸಿ ಚಹಾ ಚೆಲ್ಲಿತು.

"ಅಯ್ಯಯ್ಯೋ! ಯಾರಿಗೆ ಗುದ್ದಿದೆಯೇ?" ಪ್ಯಾಂಟಿನ ಬಟ್ಟೆಯನ್ನು ಮೈಯಿಂದ ಮೇಲೆತ್ತಿ ಹಿಡಿದು ಮೇಷ್ಟ್ರು ಕೂಗಿದರು.

"ಯಾರಿಗೂ ಗುದ್ದಿಲ್ಲ ರೀ. ಯಾರೋ ಹಿಂದಿನಿಂದ ಒದ್ದ ಹಾಗಾಯ್ತು," ಎಂದರು ಸ್ಟಿಯರಿಂಗ್ ಹಿಡಿದಿದ್ದ ಅವರ ಹೆಂಡತಿ.

ಹಿಂದಿನ ಸೀಟಿನಲ್ಲಿ ಬಟ್ಟೆಯ ಸುರುಳಿಗಳ ನಡುವೆ ಇರುಕಿಕೊಂಡಿದ್ದ ಸೊಸೆ ಕತ್ತು ತಿರುಗಿಸಿದಳು. ಹಿಂದಿನ ಗಾಜು ಸುರುಳಿಗಳಿಂದ ಪೂರ್ತಿ ಮುಚ್ಚಿಹೋಗಿತ್ತು. "ಹಿಂದೆ ಏನೂ ಕಾಣಿಸ್ತಿಲ್ಲ ಅತ್ತೆ. ಆದ್ರೆ ಸದ್ದು ಕೆಳಗಿಂದ ಬಂತು."

ತಿರುವು ದಾಟಿ ವೇಗ ಹಿಡಿಯುವಾಗ ಮತ್ತೆ ಅದೇ. ಎಂಜಿನ್ನು ಗುರ್ರೆಂದು ಏರುತ್ತಲೇ ಹೋಯಿತು. ಬೀಳಬೇಕಾದ ಹೊತ್ತಿಗೆ ಗೇರು ಬೀಳಲಿಲ್ಲ. ಆಮೇಲೆ ನೆನಪಾದಂತೆ ಧಡಕ್ಕನೆ ಬಿತ್ತು. ಮೂವರ ತಲೆಗಳೂ ಒಟ್ಟಿಗೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂದವು. ಮೇಷ್ಟ್ರು ಉಳಿದಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಫ್ಲಾಸ್ಕಿನ ಮುಚ್ಚಳ ಬಿಗಿಮಾಡಿದರು.

ಬೀದಿಯವರೆಲ್ಲ ಆಕೆಯನ್ನು ಕರೆಯುತ್ತಿದ್ದದ್ದು ಪರದೆಯಮ್ಮ ಎಂದು. ಮನೆ ಮನೆಗೆ ಹೋಗಿ ಕಿಟಕಿಯ ಅಳತೆ ತೆಗೆದು, ಪರದೆ ಹೊಲಿದು, ತಾವೇ ಹೋಗಿ ಕಂಬಿಗೆ ಏರಿಸಿ, ನೆರಿಗೆ ಸರಿಮಾಡಿ ಬರುವುದು ಅವರ ಕೆಲಸ. ಹಿಂದೊಮ್ಮೆ ಏಣಿಯಿಂದ ಬಿದ್ದು ಎಡಗಾಲಿನ ಗಿಣ್ಣು ಮುರಿದಿತ್ತು. ಮೂಳೆ ಕೂಡಿಕೊಂಡಿತು, ಆದರೆ ಗಿಣ್ಣು ಬಗ್ಗುವುದನ್ನು ಮರೆಯಿತು. ಕ್ಲಚ್ ಒತ್ತುವ ಕಾರು ಇನ್ನು ಆಗದು ಎಂದಾಗ ಈ ತಾನೇ ಗೇರು ಬದಲಿಸಿಕೊಳ್ಳುವ ಕಾರನ್ನು ಹುಡುಕಿ ಕೊಂಡಿದ್ದರು. ಆಗಲೇ ಅದು ಹಳೆಯದು. ಈಗ ಅದರ ವಯಸ್ಸಿನ ಕಾರುಗಳು ಬೀದಿಯಲ್ಲಿ ಒಂದೂ ಕಾಣುತ್ತಿರಲಿಲ್ಲ. ಆದರೆ ಪರದೆಯಮ್ಮನ ಸಂಪಾದನೆ, ಮೇಷ್ಟ್ರು ಗ್ರಂಥಾಲಯಕ್ಕೆ ಹೋಗುವುದು, ಸೊಸೆ ಕನ್ನಡಕದ ಅಂಗಡಿಯ ಕೆಲಸಕ್ಕೆ ಹೋಗುವುದು, ಮೊಮ್ಮಗಳು ಕಾಲೇಜಿಗೆ ಹೋಗುವುದು ಎಲ್ಲವೂ ಆ ನಾಲ್ಕು ಚಕ್ರದ ಮೇಲೆಯೇ ನಿಂತಿತ್ತು. ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರಿಗೆ ಪ್ರಪಂಚದ ಎಲ್ಲ ನದಿಗಳೂ ಬಾಯಿಪಾಠ, ಕಾರು ಓಡಿಸಲು ಮಾತ್ರ ಬರದು. ಪಕ್ಕದಲ್ಲಿ ಕೂತು ದಾರಿ ಹೇಳುವುದರಲ್ಲಿ ಎತ್ತಿದ ಕೈ.

ಅಂದು ರಾತ್ರಿ ಊಟಕ್ಕೆ ಕೂತಾಗ ಕಾರಿನದೇ ಮಾತು.

"ಎಲ್ಲಿ ಒದೆಯುತ್ತೆ?" ಮಗ ಬ್ರೆಡ್ಡು ಮುರಿಯುತ್ತಾ ಕೇಳಿದ. ಅವನು ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು. ಕಂಪನಿಯ ವ್ಯಾನಿನಲ್ಲಿ ಎಲ್ಲರಿಗಿಂತ ಮೊದಲೇ ಮನೆ ಬಿಡುತ್ತಿದ್ದ.

"ಎರಡರಿಂದ ಮೂರನೇ ಗೇರಿಗೆ ಹೋಗುವಾಗ," ಎಂದರು ಪರದೆಯಮ್ಮ.

"ಬೆಳಿಗ್ಗೆನಾ, ಸಂಜೆನಾ?"

"ಒದೆಯೋಕೆ ಅದಕ್ಕೆ ಮುಹೂರ್ತ ಬೇಕೇನೋ? ಎಲ್ಲ ಹೊತ್ತೂ ಒದೆಯುತ್ತೆ."

"ನನಗೊಂದು ಚಾನ್ಸ್ ಕೊಡಿ, ನಾನು ಓಡಿಸಿ ನೋಡ್ತೀನಿ," ಎಂದಳು ಮೊಮ್ಮಗಳು. ಬಾಯಿ ಮುಚ್ಚಿ ಕೂತದ್ದನ್ನು ಯಾರೂ ನೋಡಿರದ ಕಾರಣ ಮನೆಯಲ್ಲಿ ಅವಳ ಹೆಸರು ಚಿನಕುರಳಿ.

"ನೀನು ಮೊದಲು ತಟ್ಟೆ ತೊಳೆಯೋದರಲ್ಲಿ ಪಾಸಾಗು," ಎಂದಳು ಅವಳ ತಾಯಿ.

ಮರುದಿನ ಬೆಳಿಗ್ಗೆ ಮಗ ಬಾನೆಟ್ ಎತ್ತಿ, ಗೇರ್‌ಬಾಕ್ಸಿನ ಅಳತೆ ಕಡ್ಡಿಯನ್ನು ಎಳೆದು ನೋಡಿದ. ಕೆಂಪು ಎಣ್ಣೆ ಗುರುತಿನವರೆಗೂ ಇತ್ತು. "ಎಣ್ಣೆ ಬೇಕಾದಷ್ಟಿದೆ," ಎಂದು ಕಡ್ಡಿ ಒರೆಸಿ ಒಳಗಿಟ್ಟ. ತಾಯಿಯ ಪಕ್ಕದಲ್ಲಿ ಕೂತು ಮುಖ್ಯರಸ್ತೆಯ ತನಕ ಹೋದ. ಅವನು ರಸ್ತೆ ನೋಡಲಿಲ್ಲ, ತಾಯಿಯ ಬಲಗಾಲನ್ನೇ ನೋಡಿದ. ಆ ಕಾಲು ಆಕ್ಸಿಲರೇಟರನ್ನು ಒತ್ತುತ್ತಿತ್ತು, ಇದ್ದಕ್ಕಿದ್ದಂತೆ ಒಂಚೂರು ಮೇಲೇಳುತ್ತಿತ್ತು, ಮತ್ತೆ ಒತ್ತುತ್ತಿತ್ತು. ಪ್ರತಿ ಸಲವೂ ಹಾಗೆಯೇ.

ಮನೆಗೆ ಬಂದವನು ಅಡುಗೆಮನೆಯಲ್ಲಿ ಹೆಂಡತಿಯ ಹತ್ತಿರ ಸಣ್ಣ ದನಿಯಲ್ಲಿ ಹೇಳಿದ, "ಕಾರಿಗೇನೂ ಆಗಿಲ್ಲ ಕಣೆ. ಅಮ್ಮನ ಕಾಲು ನಿಲ್ಲುತ್ತಿಲ್ಲ. ಒತ್ತಿದ್ದನ್ನ ಹಿಡಿದಿಟ್ಟುಕೊಳ್ಳೋಕೆ ಆಗ್ತಿಲ್ಲ ಅವಳಿಗೆ."

"ಹಾಗಂತ ಅವರಿಗೆ ಹೇಳ್ತೀರಾ?"

"ನೀನು ಹೇಳು. ಹೆಂಗಸರು ಹೆಂಗಸರು ಮಾತಾಡಿಕೊಂಡರೆ ಚೆನ್ನಾಗಿರುತ್ತೆ."

"ಆಹಾ! ಲಿಫ್ಟಿನೊಳಗೆ ಜನ ಸಿಕ್ಕಿಕೊಂಡರೂ ಹೀಗೇ ಬೇರೆಯವರನ್ನ ಕಳಿಸ್ತೀರಾ?"

ಭಾನುವಾರ ಅವನೇ ಓಡಿಸಿ ನೋಡಿದ. ಚಿನಕುರಳಿ ಹಿಂದೆ ಕೂತಳು. ಎರಡನೇ ತಿರುವಿನಲ್ಲೇ ಕಾರು ಅವನನ್ನೂ ಒದ್ದಿತು.

"ಅಪ್ಪ, ನಿಮ್ಮ ಕಾಲೂ ನಿಲ್ತಿಲ್ವಾ?" ಅಡುಗೆಮನೆಯ ಮಾತು ಅವಳ ಕಿವಿಗೆ ಬಿದ್ದಾಗಿತ್ತು.

"ನನಗೆ ಈ ಕಾರು ಅಭ್ಯಾಸ ಇಲ್ಲ, ಅದಕ್ಕೆ," ಎಂದು ಅವನು ಗದರಿದ. "ಅಜ್ಜಿಯ ಮುಂದೆ ಬಾಯಿ ಬಿಟ್ಟೀಯ, ಜೋಕೆ."

ಒದೆ ನಿಲ್ಲದಿದ್ದಾಗ ಪರದೆಯಮ್ಮ ಯಾರನ್ನೂ ಕೇಳದೆ ಕಾರನ್ನು ಗ್ಯಾರೇಜಿಗೆ ಒಯ್ದರು. ರೈಲ್ವೆ ಸೇತುವೆಯ ಪಕ್ಕದ ಆ ಗ್ಯಾರೇಜಿನವನು ದಢೂತಿ ಆಸಾಮಿ. ಕಾರಿನ ಕೆಳಗೆ ತೂರಬೇಕಾದರೆ ಉಸಿರು ಹೊರಗೆ ಬಿಟ್ಟು ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದ. ಅವನು ಎಂಜಿನ್ನನ್ನು ಬಿಸಿಯಾಗಲು ಬಿಟ್ಟು, ಗೇರಿನ ಹಿಡಿಯನ್ನು ಮೇಲಿಂದ ಕೆಳಗಿನವರೆಗೆ ಎಲ್ಲ ಗೇರುಗಳಲ್ಲೂ ಒಮ್ಮೆ ಆಡಿಸಿ, ಎಂಜಿನ್ನು ಓಡುತ್ತಿರುವಾಗಲೇ ಕಡ್ಡಿ ಎಳೆದ. ತುದಿಗೆ ಮಾತ್ರ ಎಣ್ಣೆ ಅಂಟಿತ್ತು.

"ಎಣ್ಣೆ ಕಮ್ಮಿಯಾಗಿದೆ ಅಮ್ಮ."

"ನನ್ನ ಮಗ ಮೊನ್ನೆ ತಾನೇ ನೋಡಿದ. ಬೇಕಾದಷ್ಟಿದೆ ಅಂದ."

"ಎಂಜಿನ್ನು ನಿಲ್ಲಿಸಿ ನೋಡಿರ್ತಾರೆ. ನಿಂತಾಗ ಎಣ್ಣೆಯೆಲ್ಲ ಕೆಳಗಿಳಿದು ತುಂಬಿದ ಹಾಗೇ ಕಾಣುತ್ತೆ. ಓಡುವಾಗ ನೋಡಬೇಕು." ಅವನು ಹೊಟ್ಟೆ ಎಳೆದುಕೊಂಡು ಕೆಳಗೆ ತೂರಿದ, ಟಾರ್ಚು ಬಿಟ್ಟ, ಹೊರಗೆ ಬಂದ. "ಎಲ್ಲೂ ಸೋರಿದ ಗುರುತಿಲ್ಲ. ಸದ್ಯಕ್ಕೆ ತುಂಬಿಸಿ ಕೊಡ್ತೀನಿ, ನೋಡೋಣ."

ಎಣ್ಣೆ ತುಂಬಿದ ಮೇಲೆ ಒದೆ ಅರ್ಧಕ್ಕರ್ಧ ಕಡಿಮೆಯಾಯಿತು. ಗೇರು ಕೊಂಚ ತಡವಾಗಿ ಬೀಳುತ್ತಿತ್ತು, ಅಷ್ಟೇ. ಮೇಷ್ಟ್ರು ಮತ್ತೆ ಕಾರಿನಲ್ಲಿ ಚಹಾ ಕುಡಿಯುವ ಧೈರ್ಯ ಮಾಡಿದರು. ಪರದೆಯಮ್ಮ ಸಂಜೆ ಅಡುಗೆಮನೆಯಲ್ಲಿ ಬೀನ್ಸು ಕತ್ತರಿಸುತ್ತಾ ಗುನುಗುತ್ತಿದ್ದರು. ಮಗನಿಗೆ ಅವರು ಹೇಳಿದ್ದು ಒಂದೇ ಮಾತು: "ಇನ್ನೊಂದು ಸಲ ಎಣ್ಣೆ ನೋಡುವಾಗ ಎಂಜಿನ್ನು ಓಡ್ತಾ ಇರಲಿ ಕಣೋ." ಅವನು ಸೂಪಿಗೆ ಉಪ್ಪು ಹಾಕಿಕೊಂಡ. ಆಗಲೇ ಉಪ್ಪು ಹಾಕಿಕೊಂಡಾಗಿತ್ತು.

ಆದರೆ ಎರಡನೇ ವಾರ ಮುಗಿಯುವ ಮೊದಲೇ ಒದೆ ಮರಳಿ ಬಂತು. ಈ ಸಲ ಇನ್ನೊಂದು ರೋಗವೂ ಜೊತೆಗೂಡಿತ್ತು. ಬೆಳಿಗ್ಗೆ ಗೇರು ಹಾಕಿದರೆ ಕಾರು ಒಂದು ಗಳಿಗೆ ಯೋಚನೆ ಮಾಡಿ ಆಮೇಲೆ ಹೊರಡುತ್ತಿತ್ತು. ಮತ್ತೆ ಗ್ಯಾರೇಜು, ಮತ್ತೆ ಕಡ್ಡಿ, ಮತ್ತೆ ಎಣ್ಣೆ ಕಮ್ಮಿ.

"ಹೋಗೋದೆಲ್ಲಿಗೆ ಇದು?" ಎಂದು ಗ್ಯಾರೇಜಿನವನು ತಲೆ ಕೆರೆದುಕೊಂಡ. "ರಾತ್ರಿ ನಿಲ್ಲಿಸೋ ಜಾಗದಲ್ಲಿ ಕೆಳಗೊಂದು ರಟ್ಟು ಹಾಸಿ ನೋಡಿ ಅಮ್ಮ. ಹನಿ ಬಿದ್ದರೆ ಎಲ್ಲಿಂದ ಅಂತ ಗೊತ್ತಾಗುತ್ತೆ."

ಪರದೆ ಬಟ್ಟೆ ಬರುವ ದೊಡ್ಡ ಪೆಟ್ಟಿಗೆಯೊಂದನ್ನು ಬಿಡಿಸಿ ಕಾರಿನ ಕೆಳಗೆ ಹಾಸಿದರು. ದಿನಾ ಬೆಳಿಗ್ಗೆ ಮೇಷ್ಟ್ರು ಅದನ್ನು ಎಳೆದು, ಹಳೆಯ ಭೂಪಟ ನೋಡುವಂತೆ ಮೂಲೆ ಮೂಲೆ ಪರೀಕ್ಷೆ ಮಾಡಿದರು. "ಪೂರ್ತಿ ಮರುಭೂಮಿ ಕಣೇ. ಒಂದು ಹನಿಯೂ ಇಲ್ಲ."

ಹನಿ ಇಲ್ಲವೆಂದು ಕೇಳಿ ಗ್ಯಾರೇಜಿನವನು ಕೈಚೆಲ್ಲಿದ. "ಹಾಗಾದ್ರೆ ಒಳಗೇ ಏನೋ ಹೋಗಿದೆ. ಗೇರ್‌ಬಾಕ್ಸ್ ಪೂರ್ತಿ ಇಳಿಸಿ ಬಿಚ್ಚಬೇಕು. ನಿಜ ಹೇಳ್ತೀನಿ, ಈ ಕಾರು ಮಾರಿದರೂ ಆ ಖರ್ಚು ಹುಟ್ಟಲ್ಲ."

ಆ ಮಾತು ಮನೆಗೆ ಬಂದದ್ದೇ ತಡ, ಮಗನಿಗೆ ದಾರಿ ಸಿಕ್ಕಿತು. ಅವನು ಕೆಟ್ಟವನಲ್ಲ. ಸೇತುವೆಯ ಮೇಲೆ ಲಾರಿಗಳ ನಡುವೆ ತಾಯಿಯ ಕಾರು ಯೋಚನೆ ಮಾಡುತ್ತಾ ನಿಂತುಬಿಟ್ಟಿದ್ದು ಅವನಿಗೆ ಎರಡು ಸಲ ಕನಸಿನಲ್ಲಿ ಬಂದಿತ್ತು. ಅದನ್ನು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತೇನೋ. ಹೇಳಲಿಲ್ಲ. ಅದರ ಬದಲು, ಹಳೆ ಕಾರುಗಳನ್ನು ಬಿಡಿಭಾಗಕ್ಕೆ ಕೊಳ್ಳುವವನೊಬ್ಬನನ್ನು ಭಾನುವಾರ ಬೆಳಿಗ್ಗೆ ಬರಹೇಳಿದ.

ಪರದೆಯಮ್ಮ ಮಹಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಇದ್ದರು. ಕಿಟಕಿಯಿಂದ ಕೆಳಗೆ ನೋಡಿದರೆ, ಗುರುತಿಲ್ಲದ ಗಂಡಸೊಬ್ಬ ಅವರ ಕಾರಿನ ಸುತ್ತ ತಿರುಗುತ್ತಾ ಟೈರುಗಳಿಗೆ ಬೂಟುಗಾಲಿನಿಂದ ಒದ್ದು ನೋಡುತ್ತಿದ್ದ. ಮಗ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದ.

ಕುಂಟುತ್ತಲೇ ಅವರು ಮೆಟ್ಟಿಲಿಳಿದ ವೇಗ ನೋಡಿ ಮೇಷ್ಟ್ರು ಪತ್ರಿಕೆ ಮಡಿಸಿಟ್ಟರು.

"ಯಾರಪ್ಪಾ ನೀನು?"

"ಕಾರು ನೋಡೋಕೆ ಬಂದೆ ಅಮ್ಮ. ಮಾರಾಟಕ್ಕಿದೆ ಅಂದ್ರು."

"ಹೌದಾ? ಮಾರುವವರು ಯಾರಂತೆ?"

ಬಂದವನು ಮಗನ ಮುಖ ನೋಡಿದ. ಮಗ ಚಪ್ಪಲಿ ನೋಡಿದ. ಬಂದವನಿಗೆ ಅಷ್ಟು ಸಾಕಾಯಿತು, ಇನ್ನೊಮ್ಮೆ ಬರುತ್ತೇನೆಂದು ಹೇಳಿ ಹೊರಟೇಹೋದ.

ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಕಾದ ಕಾವಲಿಯಾಗಿತ್ತು.

"ನಿನ್ನ ಒಳ್ಳೇದಕ್ಕೇ ಅಮ್ಮ," ಎಂದ ಮಗ. "ನೀನು ಎಲ್ಲಿಗೆ ಹೋಗಬೇಕೋ ಹೇಳು, ವ್ಯಾನಿನಲ್ಲಿ ನಾನೇ ಕರೆದುಕೊಂಡು ಹೋಗ್ತೀನಿ."

"ನೀನು ಬಿಡುವು ಮಾಡಿಕೊಂಡು ಬರೋ ಹೊತ್ತಿಗೆ ಗಿರಾಕಿಗಳು ಪರದೆಯ ಸಹವಾಸವೇ ಬೇಡ ಅಂತ ಕಿಟಕಿಗೆ ಇಟ್ಟಿಗೆ ಕಟ್ಟಿಸಿಕೊಂಡಿರ್ತಾರೆ!"

"ಕಾರು ಒಂದೇ ಅಲ್ಲಮ್ಮ ವಿಷಯ. ನಿನ್ನ ಕಾಲು... ನಾನು ನೋಡಿದೀನಿ. ಒತ್ತಿದ ಕಾಲು ಒತ್ತಿದ ಹಾಗೆ ನಿಲ್ಲುತ್ತಿಲ್ಲ."

ಪರದೆಯಮ್ಮ ಚಮಚ ಕೆಳಗಿಟ್ಟರು. "ನನ್ನ ಕಾಲಿಗೇನಾಗಿದೆ?"

ಮಾತು ಕೈಮೀರುತ್ತಿದೆ ಎನಿಸಿ, ತಣ್ಣಗೆ ಮಾಡಲೆಂದೇ ಸೊಸೆ ನಡುವೆ ಬಂದಳು. "ಕಾಲಿಗೇನೂ ಆಗಿಲ್ಲ ಬಿಡಿ ಅತ್ತೆ. ಒಂದು ದಿನ ನಮ್ಮ ಅಂಗಡಿಗೆ ಬನ್ನಿ, ಸುಮ್ಮನೆ ಕಣ್ಣು ಪರೀಕ್ಷೆ ಮಾಡ್ತೀನಿ. ನೋಡಿ ತುಂಬಾ ದಿನ ಆಯ್ತಲ್ಲ."

"ಓಹೋ! ಇವನು ಕಾಲು ಹಂಚಿಕೊಂಡ, ನೀನು ಕಣ್ಣು ಹಂಚಿಕೊಂಡೆ. ಉಳಿದದ್ದೇನು, ಕಿವಿಯಾ? ರೀ, ನೀವು ಕಿವಿ ತಗೊಳ್ತೀರಾ?"

ಮೇಷ್ಟ್ರು ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಲೇ ಇದ್ದರು.

"ಕೇಳಿ ಎಲ್ಲರೂ," ಪರದೆಯಮ್ಮ ಎದ್ದು ನಿಂತರು. "ಕಾರು ನನ್ನದು, ಒದೆ ತಿನ್ನೋದೂ ನಾನೇ. ನಾಳೆಯಿಂದ ಯಾರೂ ನನ್ನ ಕಾರು ಹತ್ತಬೇಡಿ."

"ನಾನೇನು ಮಾಡಿದೆನೇ? ನಾನು ಏನೂ ಹೇಳಲಿಲ್ಲವಲ್ಲ," ಎಂದರು ಮೇಷ್ಟ್ರು.

"ಅದಕ್ಕೇ. ಏನಾದರೂ ಹೇಳಬೇಕಿತ್ತು ನೀವು."

ಮರುದಿನದಿಂದ ಮನೆಯ ಓಡಾಟವೇ ಬದಲಾಯಿತು. ಮೇಷ್ಟ್ರು ಗ್ರಂಥಾಲಯಕ್ಕೆ ನಡೆದು ಹೋಗಿ, ಬರುವಾಗ ಉಸ್ಸಪ್ಪಾ ಎನ್ನುತ್ತಾ ಬಂದರು. ಚಿನಕುರಳಿ ಗೆಳತಿಯ ಸೈಕಲ್ಲಿನ ಹಿಂದೆ ಕೂತು ಹೋದಳು. ಸೊಸೆ ಬಸ್ಸು ಹಿಡಿದಳು. ಪರದೆಯಮ್ಮ ಎಂದಿನಂತೆ ಅಡುಗೆ ಮಾಡಿ ಎಲ್ಲರ ಡಬ್ಬಿ ಕಟ್ಟಿಡುತ್ತಿದ್ದರು, ಆದರೆ ಡಬ್ಬಿಯನ್ನು ಕೈಗೆ ಕೊಡುತ್ತಿರಲಿಲ್ಲ, ಮೇಜಿನ ಮೇಲಿಟ್ಟು ಒಳಗೆ ಹೋಗುತ್ತಿದ್ದರು. ಸೊಸೆ ಪಾತ್ರೆ ತೊಳೆಯುತ್ತಿದ್ದಳು, ಅತ್ತೆ ಒರೆಸುತ್ತಿದ್ದರು, ಇಬ್ಬರ ನಡುವೆ ನಲ್ಲಿಯ ನೀರು ಮಾತ್ರ ಮಾತಾಡುತ್ತಿತ್ತು.

ಬಸ್ಸಿನಲ್ಲಿ ಹೋಗತೊಡಗಿ ಕೆಲವು ದಿನಗಳಾಗಿದ್ದವು. ಅಂದು ಬೆಳಿಗ್ಗೆ ಬಸ್ಸು ದೊಡ್ಡ ಸಿಗ್ನಲ್ಲಿನಲ್ಲಿ ನಿಂತಿತು. ಮುಂದಿನ ಬಾಗಿಲ ಬಳಿ ನಿಂತಿದ್ದ ಸೊಸೆ ಗಾಜಿನಾಚೆ ನೋಡಿದರೆ, ಬಸ್ಸಿನ ಮುಂದೆಯೇ ಅತ್ತೆಯ ಕಾರು. ಹಿಂದಿನ ಗಾಜಿಗೆ ಹಳದಿ ಬಟ್ಟೆಯ ಸುರುಳಿಗಳು ಒತ್ತಿಕೊಂಡಿದ್ದವು. ಹಸಿರು ದೀಪ ಬಂತು. ಕಾರು ಹೊರಟಿತು. ಹೊರಡುತ್ತಿದ್ದಂತೆ ಅದರ ಸೈಲೆನ್ಸರಿನಿಂದ ಬುಸ್ಸೆಂದು ದಟ್ಟ ಬಿಳಿ ಹೊಗೆ ಎದ್ದು, ಕಾರೇ ಕಾಣದ ಹಾಗೆ ಮುಚ್ಚಿಬಿಟ್ಟಿತು.

"ಅಯ್ಯೋ, ಬೆಂಕಿ!" ಸೊಸೆ ಕಿರುಚಿದಳು. "ನಿಲ್ಲಿಸಿ, ನಿಲ್ಲಿಸಿ! ನಮ್ಮತ್ತೆ ಇದ್ದಾರೆ ಅದರಲ್ಲಿ!"

ಡ್ರೈವರು ಗಾಬರಿಯಾಗಿ ಬಾಗಿಲು ತೆಗೆದ. ಅವಳು ಜಿಗಿದು, ಚೀಲ ಎದೆಗವಚಿಕೊಂಡು ಓಡಿದಳು. ಪುಣ್ಯಕ್ಕೆ ಮುಂದಿನ ಸಿಗ್ನಲ್ಲೂ ಕೆಂಪಾಗಿತ್ತು. ಏದುಸಿರು ಬಿಡುತ್ತಾ ಕಾರಿನ ಕಿಟಕಿ ಬಡಿದಳು.

ಪರದೆಯಮ್ಮ ಗಾಜು ಇಳಿಸಿದರು. "ಹತ್ತಬೇಡಿ ಅಂದಿದ್ದೆನಲ್ಲ?"

"ಹತ್ತಲ್ಲ ಅತ್ತೆ! ಹೊಗೆ! ನಿಮ್ಮ ಹಿಂದೆ ಹೊಗೆ! ಮೊದಲು ಇಳೀರಿ ಕೆಳಗೆ!"

ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದರು. ಇಬ್ಬರೂ ಹಿಂದೆ ಹೋಗಿ ನೋಡಿದರೆ ಹೊಗೆಯೂ ಇಲ್ಲ, ಬೆಂಕಿಯೂ ಇಲ್ಲ. ಕೊಳವೆಯ ಬಾಯಲ್ಲಿ ಜಿಡ್ಡಿನ ಕಮಟು ವಾಸನೆ ಮಾತ್ರ.

"ಧೂಳು ನೋಡಿರ್ತೀಯ," ಎಂದರು ಪರದೆಯಮ್ಮ.

"ದಿನಾ ಕಣ್ಣಿನ ಕೆಲಸ ಮಾಡೋಳು ನಾನು. ಧೂಳಿಗೂ ಹೊಗೆಗೂ ವ್ಯತ್ಯಾಸ ಗೊತ್ತಾಗಲ್ವಾ? ನೀವು ಓಡಿಸಿ. ನಾನು ಇಲ್ಲೇ ನಿಂತು ನೋಡ್ತೀನಿ."

ಪಕ್ಕದ ಖಾಲಿ ಬೀದಿಯಲ್ಲಿ ಅತ್ತೆ ಕಾರು ಓಡಿಸಿದರು, ಸೊಸೆ ಫುಟ್‌ಪಾತಿನ ಮೇಲೆ ನಿಂತು ನೋಡಿದಳು. ಹೊರಡುವಾಗ ಹೊಗೆ. ಸಮನಾಗಿ ಹೋಗುವಾಗ ತೆಳ್ಳಗೆ. ಎಂಜಿನ್ನು ಓಡುತ್ತಿರುವಂತೆಯೇ ಕಾರು ಕೆಲಹೊತ್ತು ನಿಂತು ಮತ್ತೆ ಹೊರಟರೆ ದಟ್ಟವಾಗಿ. ಮೂರನೇ ಸುತ್ತು ಮುಗಿಸಿ ಬಂದಾಗ ಸೊಸೆ ಕಿಟಕಿಯ ಮೇಲೆ ಕೈಯೂರಿ ನಿಂತಳು.

"ಅತ್ತೆ, ರಟ್ಟಿನ ಮೇಲೆ ಒಂದು ಹನಿಯೂ ಬೀಳಲಿಲ್ಲ ಅಲ್ವಾ? ಕೆಳಗೆ ಹೋಗ್ತಿಲ್ಲ ಅಂದ್ರೆ..."

"ಹಿಂದಿನಿಂದ ಹೋಗ್ತಿದೆ," ಎಂದರು ಪರದೆಯಮ್ಮ ನಿಧಾನವಾಗಿ. "ಸುಟ್ಟು ಹೋಗ್ತಿದೆ ಎಣ್ಣೆ. ಇಷ್ಟು ದಿನ ಹೊಗೆ ಕುಡಿದವರೆಲ್ಲ ನನ್ನ ಹಿಂದಿದ್ದರು, ಒಬ್ಬರಾದರೂ ಹೇಳಬಾರದಿತ್ತಾ?"

"ಅವರು ಹಾರ್ನ್ ಹೊಡೀತಿದ್ರಲ್ಲ ಅತ್ತೆ."

"ನಿಧಾನ ಹೋಗ್ತೀನಿ ಅಂತ ಹೊಡೀತಾರೆ ಅಂದುಕೊಂಡಿದ್ದೆ." ಪರದೆಯಮ್ಮನಿಗೆ ನಗು ಬಂದುಬಿಟ್ಟಿತು. ಅದನ್ನು ನೋಡಿ ಸೊಸೆಗೂ ಬಂತು. "ಹತ್ತು, ಹತ್ತು. ಅಂಗಡಿಗೆ ತಡವಾಗುತ್ತೆ ಅಂತ ಫೋನ್ ಮಾಡು."

ಹೊಗೆ ಎಂಬ ಮಾತು ಕೇಳಿದ್ದೇ ಗ್ಯಾರೇಜಿನವನು ಹಣೆ ಚಚ್ಚಿಕೊಂಡ. "ಇದನ್ನ ಮೊದಲೇ ಹೇಳಬಾರದಾ ಅಮ್ಮ!"

"ನೀನು ಮೊದಲೇ ಕೇಳಬಾರದಾ?"

"ಅದೂ ಸರಿ," ಎಂದು ಅವನು ಒಪ್ಪಿಕೊಂಡು ಕೆಳಗೆ ತೂರಿದ. ಗೇರ್‌ಬಾಕ್ಸಿನ ಪಕ್ಕದಲ್ಲಿ ಅಂಗೈಯಷ್ಟು ಅಗಲದ ಒಂದು ತಗಡಿನ ಡಬ್ಬಿ, ಅದರಿಂದ ಎಂಜಿನ್ನಿಗೆ ಹೋಗುವ ಒಂದು ರಬ್ಬರ್ ಪೈಪು. ಪೈಪನ್ನು ಕಿತ್ತು ಬಗ್ಗಿಸಿದ. ಒಣಗಿರಬೇಕಾದ ಪೈಪಿನಿಂದ ಕೆಂಪು ಎಣ್ಣೆ ಅವನ ಅಂಗೈಗೆ ತೊಟ್ಟಿಕ್ಕಿತು. ಅವನು ಮಲಗಿದ್ದಲ್ಲಿಂದಲೇ ಕೈಯನ್ನು ಹೊರಗೆ ಚಾಚಿ ತೋರಿಸಿದ. "ಸಿಕ್ಕಿಬಿದ್ದ ಕಳ್ಳ!"

ಎದ್ದು ಕೂತು ಕೈ ಒರೆಸುತ್ತಾ ವಿವರಿಸಿದ: ಈ ಡಬ್ಬಿಯೊಳಗೆ ತೆಳ್ಳನೆ ರಬ್ಬರಿನ ಪೊರೆಯೊಂದಿದೆ. ಎಂಜಿನ್ನು ಪೈಪಿನ ಮೂಲಕ ಎಷ್ಟು ಜೋರಾಗಿ ಗಾಳಿ ಎಳೆಯುತ್ತದೋ ಅದನ್ನು ನೋಡಿಕೊಂಡು ಗೇರು ಯಾವಾಗ ಬೀಳಬೇಕು, ಎಷ್ಟು ಮೆತ್ತಗೆ ಬೀಳಬೇಕು ಎಂದು ಡಬ್ಬಿ ಹೇಳುತ್ತದೆ. ಪೊರೆ ಹರಿದಿದೆ. ಹಾಗಾಗಿ ಗೇರಿಗೆ ಲೆಕ್ಕ ತಪ್ಪಿ ತಡವಾಗಿ ಧಡಕ್ಕನೆ ಬೀಳುತ್ತದೆ. ಹರಿದ ತೂತಿನಿಂದ ಎಂಜಿನ್ನು ಗೇರಿನ ಎಣ್ಣೆಯನ್ನೂ ಹೀರಿ ಸುಟ್ಟುಹಾಕುತ್ತದೆ.

"ಅಂದ್ರೆ ಗೇರ್‌ಬಾಕ್ಸ್ ಬಿಚ್ಚೋದು ಬೇಡ್ವಾ?" ಸೊಸೆ ಕೇಳಿದಳು.

"ಎಣ್ಣೆ ಬತ್ತಿಸಿಕೊಂಡೇ ಓಡಿಸಿದ್ದರೆ ಅದೂ ಸುಟ್ಟುಹೋಗ್ತಿತ್ತು. ಸಮಯಕ್ಕೆ ಬಂದಿರಿ. ಡಬ್ಬಿ ಬದಲಿಸಿದರೆ ಮುಗೀತು. ಹಳೇ ಮಾಡೆಲ್ಲು, ತರಿಸೋಕೆ ಕೆಲವು ದಿನ ಹಿಡಿಯುತ್ತೆ." ಅವನು ಪರದೆಯಮ್ಮನ ಕಡೆ ತಿರುಗಿದ. "ನನಗೊಂದು ಆಶ್ಚರ್ಯ ಅಮ್ಮ. ಈ ಸ್ಥಿತಿಯಲ್ಲಿ ಇಷ್ಟು ದಿನ ಹೇಗೆ ಓಡಿಸಿದ್ರಿ?"

"ಗೇರು ಬೀಳೋ ಹೊತ್ತಿಗೆ ಕಾಲು ಒಂಚೂರು ಎತ್ತುತ್ತಿದ್ದೆ. ಎತ್ತಿದರೆ ಮೆತ್ತಗೆ ಬೀಳುತ್ತೆ, ಮತ್ತೆ ಒತ್ತೋದು. ನಾನೇ ಕಂಡುಕೊಂಡೆ."

"ಅದೇ ಮಾತು! ಕಾಲೆತ್ತಿದಾಗ ಎಂಜಿನ್ನು ಜೋರಾಗಿ ಎಳೆಯುತ್ತೆ, ಹರಿದ ಡಬ್ಬಿಗೂ ಆಗ ಸ್ವಲ್ಪ ಗೊತ್ತಾಗುತ್ತೆ."

ಸೊಸೆ ಅತ್ತೆಯ ಬಲಗಾಲನ್ನು ನೋಡಿದಳು. ಆಮೇಲೆ ಮುಖ ನೋಡಿದಳು. "ಮನೇಲಿ ಯಾಕೆ ಹೇಳಲಿಲ್ಲ ಅತ್ತೆ?"

"ನಿನ್ನ ಕಾಲಿಗೇನಾಗಿದೆ ಅಂದ್ರೇ ಹೊರತು, ಕಾಲಲ್ಲಿ ಏನು ಮಾಡ್ತಿದ್ದೀಯ ಅಂತ ಯಾರು ಕೇಳಿದ್ರು?"

ಅಂದು ಸಂಜೆ ಗಂಡ ಶೂ ಬಿಚ್ಚುವ ಮೊದಲೇ ಸೊಸೆ ಎಲ್ಲವನ್ನೂ ಹೇಳಿದಳು. ಅವನು ಒಂದು ಶೂ ಬಿಚ್ಚಿ ಇನ್ನೊಂದನ್ನು ಬಿಚ್ಚದೆ ಹಾಗೇ ಕೂತುಬಿಟ್ಟ. ಆಮೇಲೆ ಹೊಲಿಗೆ ಕೋಣೆಗೆ ಹೋದ. ಪರದೆಯಮ್ಮ ದಾರ ಪೋಣಿಸುತ್ತಿದ್ದರು.

"ಆ ಕಾರು ಕೊಳ್ಳುವವನಿಗೆ ಬರಬೇಡ ಅಂತ ಹೇಳಿದೆ ಅಮ್ಮ."

"ಹೂಂ."

"ಆ ಭಾನುವಾರ ನಾನು ಓಡಿಸಿದಾಗ ನನ್ನನ್ನೂ ಒದ್ದಿತ್ತು. ಹೇಳಲಿಲ್ಲ ನಾನು."

"ಗೊತ್ತು. ಚಿನಕುರಳಿ ಅವತ್ತೇ ಹೇಳಿದಳು."

"ಹೇಳಿದಳಾ! ಗೊತ್ತಿದ್ದೂ ಸುಮ್ಮನಿದ್ಯಾ?"

"ನೀನೇ ಬಂದು ಹೇಳ್ತೀಯ ಅಂತ ಕಾಯ್ತಿದ್ದೆ. ತಡವಾಗಿ ಬಿತ್ತು ಗೇರು."

ಅವನು ನಕ್ಕ. ನಗುತ್ತಲೇ ಸ್ಟೂಲು ಎಳೆದು ಕೂತು ಕನಸಿನ ಮಾತು ಹೇಳಿದ. ಸೇತುವೆ, ಲಾರಿಗಳು, ನಿಂತುಹೋದ ಕಾರು. ಪರದೆಯಮ್ಮ ಸೂಜಿಯನ್ನು ಕುಶನ್ನಿಗೆ ಚುಚ್ಚಿಟ್ಟು ಅವನ ಮಾತನ್ನು ಪೂರ್ತಿ ಕೇಳಿದರು. "ಇದನ್ನು ಮೊದಲೇ ಹೇಳಿದ್ದರೆ ನಾನ್ಯಾಕೆ ಜಗಳ ಆಡ್ತಿದ್ದೆನೋ ಪೆದ್ದ," ಎಂದು ಅವನ ತಲೆಗೊಂದು ಮೊಟಕಿದರು. "ಹೋಗು, ಒಂದೇ ಶೂನಲ್ಲಿ ಎಷ್ಟು ಹೊತ್ತು ತಿರುಗ್ತೀಯ."

ಹೊಸ ಡಬ್ಬಿ ಬಂತು. ಅದನ್ನು ಕೂರಿಸಲು ಗ್ಯಾರೇಜಿನವನಿಗೆ ಒಂದು ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಎಣ್ಣೆ ತುಂಬಿ, ಎಂಜಿನ್ನು ಓಡುತ್ತಿರುವಾಗಲೇ ಕಡ್ಡಿ ನೋಡಿದ್ದಾಯಿತು. ಐವರನ್ನೂ ಹೊತ್ತು ಕಾರು ಸೇತುವೆ ಏರಿತು. ಒಂದರಿಂದ ಎರಡು. ಎರಡರಿಂದ ಮೂರು. ಎಲ್ಲರೂ ಉಸಿರು ಬಿಗಿಹಿಡಿದು ಒದೆಗಾಗಿ ಕಾದರು.

"ಬಿತ್ತಾ?" ಮೇಷ್ಟ್ರು ಕೇಳಿದರು.

"ಯಾವಾಗಲೋ ಬಿತ್ತು," ಎಂದರು ಪರದೆಯಮ್ಮ.

ಹಿಂದೆ ಚಿನಕುರಳಿ ಚಪ್ಪಾಳೆ ತಟ್ಟಿದಳು. "ತಾತ, ಬಲಕ್ಕೋ ಎಡಕ್ಕೋ ಹೇಳಿ. ನಿಮ್ಮ ಕೆಲಸ ವಾಪಸ್ ಬಂತು."

ಆ ವಾರದ ಕೊನೆಯಲ್ಲಿ ಪರದೆಯಮ್ಮ ತಾವಾಗಿಯೇ ಕನ್ನಡಕದ ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದರು. ಗಿರಾಕಿಗೆ ಫ್ರೇಮು ತೋರಿಸುತ್ತಿದ್ದ ಸೊಸೆ ಗಾಬರಿಯಾದಳು.

"ಏನಾಯ್ತು ಅತ್ತೆ? ಮತ್ತೆ ಒದೀತಾ?"

"ಒದೆಯೂ ಇಲ್ಲ, ಗಿದೆಯೂ ಇಲ್ಲ. ಕಾರನ್ನ ಎಲ್ಲ ಕಡೆ ತಪಾಸಣೆ ಮಾಡಿಸಿದ ಮೇಲೆ ಓಡಿಸೋರನ್ನ ಮಾಡಿಸದಿದ್ದರೆ ಹೇಗೆ? ಎಲ್ಲಿ ಕೂರಲಿ?"

ಸೊಸೆ ಅವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ದೀಪ ಕಡಿಮೆ ಮಾಡಿ, ಎದುರಿನ ಗೋಡೆಯ ಮೇಲೆ ಅಕ್ಷರಗಳನ್ನು ಬೆಳಗಿಸಿದಳು. ಪರದೆಯಮ್ಮ ಮೇಲಿನ ಸಾಲುಗಳನ್ನು ಸರಾಗವಾಗಿ ಓದಿದರು.

"ಈಗ ಕೊನೇ ಸಾಲು ಓದಿ ಅತ್ತೆ."

"ಕೊನೇ ಸಾಲು ಅಂತ ಒಂದಿದೆಯಾ?"

ಸೊಸೆ ತುಟಿ ಕಚ್ಚಿಕೊಂಡು ನಗು ತಡೆದಳು. ಗಾಜುಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋದಳು. "ಇದು ಚೆನ್ನಾಗಿದೆಯಾ, ಇದು ಚೆನ್ನಾಗಿದೆಯಾ?" ಎಂದು ಕೇಳುವ ಅವಳ ಅಂಗಡಿಯ ದನಿಯನ್ನು ಪರದೆಯಮ್ಮ ಹಿಂದೆಂದೂ ಕೇಳಿರಲಿಲ್ಲ. ನಿಧಾನದ, ಆತುರವಿಲ್ಲದ, ತನ್ನ ಕೆಲಸ ತನಗೆ ಗೊತ್ತೆನ್ನುವ ದನಿ. ಕೊನೆಯ ಸಾಲು ಮೂಡಿತು.

"ಹೇಳು. ನಿಜ ಹೇಳು," ಎಂದರು ಪರದೆಯಮ್ಮ ಕುರ್ಚಿಯಿಂದ ಇಳಿಯದೆಯೇ.

"ನಂಬರು ಬದಲಾಗಿದೆ. ಹೊಸ ಕನ್ನಡಕ ಹಾಕಿಕೊಂಡರೆ ಹಗಲು ಹೊತ್ತು ನಿಶ್ಚಿಂತೆಯಿಂದ ಓಡಿಸಿ. ಆದ್ರೆ ಕತ್ತಲಾದ ಮೇಲೆ ಎದುರಿನ ದೀಪಗಳು ನಿಮಗೆ ಕಷ್ಟ ಕೊಡ್ತಿರಬೇಕು. ಕೊಡ್ತಿಲ್ವಾ?"

ಪರದೆಯಮ್ಮ ಕಣ್ಣುಜ್ಜಿಕೊಂಡರು. "ಕೊಡ್ತಿವೆ," ಎಂದರು. "ಕತ್ತಲಾದ ಮೇಲೆ ಓಡಿಸಲ್ಲ. ಅವನು ಹೇಳಿದ್ದರೆ ಒಪ್ತಿರಲಿಲ್ಲ, ನೀನು ಹೇಳಿದೆ ಅಂತ ಒಪ್ತಿದ್ದೀನಿ. ಆದ್ರೆ ಗಿರಾಕಿಗಳು ಮನೇಲಿರೋದೇ ಸಂಜೆ ಕಣೇ. ಆಗ ಪರದೆ ಹಾಕೋಕೆ ಕರೆದುಕೊಂಡು ಹೋಗೋರು ಯಾರು?"

"ಇವರು ವ್ಯಾನಿನಲ್ಲಿ..."

"ಅವನನ್ನ ಬಿಡು. ನೀನು ಕಲಿ."

"ನಾನಾ? ನನಗೆ ಸೈಕಲ್ಲೂ ಸರಿಯಾಗಿ ಬರಲ್ಲ ಅತ್ತೆ!"

"ಸೈಕಲ್ಲು ಬೀಳುತ್ತೆ. ಕಾರು ಬೀಳಲ್ಲ."

ಹೊಸ ಕನ್ನಡಕ ಬಂತು, ಸೊಸೆಗೆ ಕಲಿಯುವವರ ಲೈಸೆನ್ಸೂ ಬಂತು. ಊರಾಚೆಯ ಹಳೆಯ ಮಾರುಕಟ್ಟೆಯ ಮೈದಾನದಲ್ಲಿ ಭಾನುವಾರಗಳಂದು ಪಾಠ ನಡೆಯತೊಡಗಿತು. ಮೊದಲ ಭಾನುವಾರ ಸೊಸೆ ಬ್ರೇಕನ್ನು ಎಷ್ಟು ಜೋರಾಗಿ ತುಳಿದಳೆಂದರೆ ಹಿಂದೆ ಕೂತಿದ್ದ ಮೇಷ್ಟ್ರ ಟೋಪಿ ಮುಂದಿನ ಸೀಟಿಗೆ ಬಂತು. "ಕಾರು ಒದೆಯೋದು ನಿಂತರೆ ಇವಳು ಶುರುಮಾಡಿದಳು," ಎಂದರು ಮೇಷ್ಟ್ರು. ಮುಂದಿನ ವಾರ ಅವರು ಮೈದಾನದ ಅಂಚಿನ ಕಲ್ಲುಬೆಂಚಿನ ಮೇಲೆ ಕೂತೇ ಪಾಠ ನೋಡಿದರು. ಅದರ ಮುಂದಿನ ವಾರ ಕಾರಿಗೆ ಮರಳಿದರು. ಚಿನಕುರಳಿ ಮಾತ್ರ ತನ್ನ ಸರದಿ ಯಾವಾಗ ಎಂದು ದಿನಾ ಕೇಳುತ್ತಿದ್ದಳು. ಅವಳ ತಂದೆ, "ಮೊದಲು ತಟ್ಟೆ," ಎನ್ನುತ್ತಿದ್ದ.

ಇನ್ನೂ ಕೆಲವು ಭಾನುವಾರ ಕಳೆದ ಮೇಲೆ ಒಂದು ಬೆಳಿಗ್ಗೆ. ಎಳೆ ಬಿಸಿಲು ಪಕ್ಕದ ಗಾಜಿನಿಂದ ಒಳಗೆ ಬೀಳುತ್ತಿತ್ತು. ಸೊಸೆ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ನಾಲಿಗೆಯ ತುದಿಯನ್ನು ತುಟಿಯ ಮೂಲೆಯಲ್ಲಿಟ್ಟುಕೊಂಡು ಮೈದಾನದ ಸುತ್ತ ಕಾರು ಓಡಿಸುತ್ತಿದ್ದಳು. ಕಾಲಿಟ್ಟಷ್ಟು ಮೆತ್ತಗೆ ಗೇರು ಬದಲಾಗುತ್ತಿತ್ತು.

"ಅತ್ತೆ, ತಿರುವಿನಲ್ಲಿ ಇಷ್ಟು ವೇಗ ಸಾಕಲ್ವಾ?"

ಉತ್ತರ ಬರಲಿಲ್ಲ.

"ಅತ್ತೆ?"

ಪಕ್ಕಕ್ಕೆ ಕಣ್ಣು ಹಾಯಿಸಿದಳು. ಪರದೆಯಮ್ಮನ ತಲೆ ಸೀಟಿಗೆ ಒರಗಿತ್ತು, ಬಾಯಿ ಕೊಂಚ ತೆರೆದಿತ್ತು. ಹೊಸ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಸಣ್ಣಗೆ ಗೊರಕೆ.

"ಮಾವ, ಅತ್ತೆ ಮಲಗಿಬಿಟ್ಟಿದ್ದಾರೆ," ಎಂದು ಸೊಸೆ ಪಿಸುಗುಟ್ಟಿದಳು.

ಮೇಷ್ಟ್ರು ಮುಂದಕ್ಕೆ ಬಾಗಿ ಹೆಂಡತಿಯ ಮುಖ ನೋಡಿದರು. "ಇಷ್ಟು ವರ್ಷದಲ್ಲಿ ಬೇರೆಯವರು ಓಡಿಸೋ ಗಾಡಿಯಲ್ಲಿ ಇವಳು ಕಣ್ಣು ಮುಚ್ಚಿದ್ದನ್ನ ನಾನು ನೋಡಿಲ್ಲಮ್ಮ. ರೈಲಿನಲ್ಲೂ ಎಚ್ಚರವಾಗಿ ಕೂತು ಡ್ರೈವರನಿಗೆ ಬೈತಿದ್ದಳು."

"ನಿಲ್ಲಿಸಲಾ?"

"ನಿಲ್ಲಿಸಿದರೆ ಏಳ್ತಾಳೆ."

ಸೊಸೆ ಕಾಲನ್ನು ಹಾಗೇ ಹಗುರವಾಗಿ ಇಟ್ಟುಕೊಂಡು ಮೈದಾನಕ್ಕೆ ಇನ್ನೊಂದು ಸುತ್ತು ಹಾಕಿದಳು. ಆಮೇಲೆ ಇನ್ನೊಂದು.